ಬಸುರಿ ಸ್ಪೀಕರ್ ಮತ್ತು ಪುಟ್ಟಬಸಪ್ಪನವರ ಕಿವಿ

ಕಳೆದ ತಿಂಗಳು ಕೊಳ್ಳೇಗಾಲದಲ್ಲಿ ಬಸ್ಸಿಳಿದೆ. ಹನೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಮ್ಮನೆ ಕೂರಲಾರದೆ ಹಳೇ ಬೀದಿಯ ಕಡೆ ಹೆಜ್ಜೆ ಹಾಕಿದೆ. ಒಂದು ತಿರುವಿನಲ್ಲಿ ಆ ವಾಸನೆ ಮೂಗಿಗೆ ಹೊಡೆಯಿತು. ರೇಷ್ಮೆ ಗೂಡು ಬೇಯಿಸುವ ವಾಸನೆ. ಗೊತ್ತಿಲ್ಲದವರು ಮೂಗು ಮುಚ್ಚಿಕೊಂಡು ಓಡುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಬಿಸಿನೀರಿನಲ್ಲಿ ಹುಳ ಬೆಂದ ನಾತ ಅದು, ಗಂಧವಲ್ಲ. ನಾನು ಮಾತ್ರ ಯಾರದೋ ಜಗುಲಿಯ ಕಂಬಕ್ಕೆ ಒರಗಿ ನಿಂತು, ಎದೆ ತುಂಬ ಎಳೆದುಕೊಂಡೆ. ಅರವತ್ತೆಂಟನೇ ಇಸವಿಯ ಮಳೆಗಾಲ ಪೂರ್ತಿ ಆ ವಾಸನೆಯಲ್ಲೇ ಉಂಡು ಮಲಗಿದವನು ನಾನು.

ಆಗ ನನಗೆ ಇಪ್ಪತ್ತನಾಲ್ಕು. ಊರು ಯಳಂದೂರು ತಾಲ್ಲೂಕಿನ ಅಗರ. ಹಳ್ಳಿಗಳ ಪಂಚಾಯ್ತಿ ಕಟ್ಟೆಗಳಲ್ಲಿ ಸರ್ಕಾರ ಇಟ್ಟಿದ್ದ ರೇಡಿಯೋಗಳನ್ನು ರಿಪೇರಿ ಮಾಡುವ ಕೆಲಸ ಸಿಕ್ಕಿ ಕೊಳ್ಳೇಗಾಲಕ್ಕೆ ಬಂದಿದ್ದೆ. ಅಗರದಿಂದ ಕೊಳ್ಳೇಗಾಲ ಅಂದರೆ ಬಸ್ಸಿನಲ್ಲಿ ಒಂದು ಕೋಳಿನಿದ್ದೆಯಷ್ಟು ದೂರ. ಆದರೂ ನಮ್ಮಜ್ಜಿ ನನ್ನನ್ನು ಪರದೇಶಕ್ಕೆ ಕಳಿಸುವ ಹಾಗೆ ಕಣ್ಣೀರು ಹಾಕಿದ್ದಳು. ಅವಳ ಲೆಕ್ಕದಲ್ಲಿ ಯಳಂದೂರು ಮಹಾರಾಜರ ಸೀಮೆ, ಕೊಳ್ಳೇಗಾಲ ಮದರಾಸು ಸೀಮೆ. ಐವತ್ತಾರರಲ್ಲಿ ಎಲ್ಲ ಒಂದೇ ರಾಜ್ಯವಾಯಿತು ಎಂದು ಅವಳಿಗೆ ಯಾರೂ ತಿಳಿಯುವ ಹಾಗೆ ಹೇಳಿರಲಿಲ್ಲ.

ಬೆಳಿಗ್ಗೆ ಸೈಕಲ್ಲಿಗೆ ಹತಾರದ ಚೀಲ ಕಟ್ಟಿಕೊಂಡು ಹೊರಟರೆ ಒಂದೊಂದು ದಿನ ಒಂದೊಂದು ದಿಕ್ಕು. ರೇಡಿಯೋ ಕೆಟ್ಟಿದೆ ಅಂತ ಕರೆಸುತ್ತಿದ್ದರು. ಹಿಂದಿನ ಹಲಗೆ ಬಿಚ್ಚಿದರೆ ಒಳಗೆ ಜಿರಳೆ ಸಂಸಾರ. ಅದನ್ನು ಓಡಿಸಿ, ಬ್ಯಾಟರಿ ತಿಕ್ಕಿ, ತಂತಿಗೆ ಬೆಸುಗೆ ಹಾಕಿದರೆ ಮುಗಿಯಿತು. ಊರವರು ಅದಕ್ಕೇ ಮಜ್ಜಿಗೆ, ಬಾಳೆಹಣ್ಣು ಕೊಟ್ಟು 'ರೇಡಿಯೋ ಸಾ' ಎಂದು ಕರೆಯುತ್ತಿದ್ದರು. ಆ ವಯಸ್ಸಿನಲ್ಲಿ ಅಷ್ಟು ಸಾಕು, ತಲೆ ನಿಲ್ಲುವುದಿಲ್ಲ. ಶಬ್ದದ ವಿಚಾರದಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ನನಗೆ ಬಾಡಿಗೆಗೆ ಕೋಣೆ ಕೊಟ್ಟವರು ಪುಟ್ಟಬಸಪ್ಪನವರು. ಅವರು ಗೂಡಿನ ದಳ್ಳಾಳಿ. ರೈತರು ತಂದ ರೇಷ್ಮೆ ಗೂಡನ್ನು ನೋಡಿ, ಇದು ಇಂಥ ದರ್ಜೆಯ ಮಾಲು ಎಂದು ಹೇಳಿ, ನೂಲು ತೆಗೆಯುವವರಿಗೆ ಕೊಡಿಸುವುದು ಅವರ ಕೆಲಸ. ಒಳ್ಳೆಯ ಗೂಡಿನಲ್ಲಿ ಹುಳ ಗಟ್ಟಿಯಾಗಿ, ಬಿಡಿಯಾಗಿ ಇರುತ್ತದೆ. ಅಲ್ಲಾಡಿಸಿದರೆ ಒಣ ಅವರೆಕಾಯೊಳಗಿನ ಕಾಳಿನ ಹಾಗೆ ಸಣ್ಣಗೆ ಲೊಟಲೊಟ ಅನ್ನುತ್ತದೆ. ಒಳಗೇ ಸತ್ತು ಕರಗಿದ ಹುಳ ಗೋಡೆಗೆ ಅಂಟಿಕೊಳ್ಳುತ್ತದೆ, ಸದ್ದಿಲ್ಲ. ಅಂಥ ಗೂಡಿನಿಂದ ಎಳೆ ಬರುವುದಿಲ್ಲ, ಬಂದರೂ ಕರೆಗಟ್ಟಿದ ಎಳೆ. ಪುಟ್ಟಬಸಪ್ಪನವರು ಬುಟ್ಟಿಗೆ ಕೈ ಹಾಕಿ, ಗೂಡನ್ನು ಎರಡು ಬೆರಳಲ್ಲಿ ಹಿಡಿದು, ಬಲಗಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿ ಪಕ್ಕಕ್ಕೆ ಇಡುತ್ತಿದ್ದರು. ಇಡೀ ಕೊಳ್ಳೇಗಾಲ ಆ ಕಿವಿಯನ್ನು ನಂಬಿತ್ತು. 'ಪುಟ್ಬಸಪ್ಪನೋರ ಕಿವೀಗ ಬಿದ್ದ್ ಮಾಲು' ಅಂದರೆ ರೈತನೂ ಎರಡು ಮಾತಾಡುತ್ತಿರಲಿಲ್ಲ, ನೂಲಿನವನೂ ಎರಡು ಮಾತಾಡುತ್ತಿರಲಿಲ್ಲ.

ಬೆಲೆ ಮಾತ್ರ ಬಾಯಲ್ಲಿ ಹೇಳುವ ಪದ್ಧತಿ ಇರಲಿಲ್ಲ. ಇಬ್ಬರ ಕೈ ಮೇಲೆ ಒಂದು ಟವೆಲ್ ಹಾಕಿ, ಅದರ ಕೆಳಗೆ ಬೆರಳು ಹಿಡಿದು ತಿಳಿಸುವುದು. ಒಬ್ಬನ ಮಾಲಿನ ಬೆಲೆ ಪಕ್ಕದವನಿಗೆ ಗೊತ್ತಾಗಬಾರದು. ಪಾಲಾರ್ ಗಡಿಯ ಕಡೆಯಿಂದ ಬರುವ ತಮಿಳಿನವರಿಗೂ ಅದೇ ಟವೆಲ್, ನಮ್ಮ ಕಡೆಯವರಿಗೂ ಅದೇ ಟವೆಲ್. ಟವೆಲ್ಲಿನ ಕೆಳಗೆ ಆದ ಮಾತನ್ನು ಹೊರಗೆ ಆಡಿದವನನ್ನು ಮತ್ತೆ ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ.

ಪುಟ್ಟಬಸಪ್ಪನವರಿಗೆ ಆಗ ಅರವತ್ತು ದಾಟಿತ್ತು. ಮಾತು ಕಡಿಮೆ. ಅವರ ಪಾಲಿನದನ್ನೂ ಸೇರಿಸಿ ಹೆಂಡತಿ ಗೌರಮ್ಮನವರು ಆಡುತ್ತಿದ್ದರು. ಅಡುಗೆಮನೆಯಿಂದ ಕೂಗಿ ಕೂಗಿ ಸಾಕಾಗಿ, ಸೌಟು ಹಿಡಿದುಕೊಂಡೇ ಪಡಸಾಲೆಗೆ ಬಂದು ನನ್ನ ಹತ್ತಿರ ದೂರು ಹೇಳುವರು:

"ನೋಡಪ್ಪ ಶಿವಣ್ಣ, ಗೂಡೊಳಗಿರ ಹುಳದ್ ಮಾತು ಕೇಳ್ತದಂತೆ ಇವ್ರಿಗ. ಹೆಂಡ್ರು ಮಾತು ಕೇಳಾಕಿಲ್ಲ."

ನಾವೆಲ್ಲ ನಗುತ್ತಿದ್ದೆವು. ಗಂಡಸರಿಗೆ ಹೆಂಡತಿ ಮಾತು ಕೇಳಿಸದಿರುವುದು ಹೊಸ ರೋಗವೇನಲ್ಲ ಎಂದು ನಾನೂ ನಕ್ಕಿದ್ದೆ.

ಇನ್ನು ಮಾದೇಶ. ಹನೂರಿನವನು, ನನ್ನದೇ ವಯಸ್ಸು, ಮದುವೆ ಮುಂಜಿಗೆ ಮೈಕ್ ಸೆಟ್ ಕಟ್ಟುತ್ತಿದ್ದ. ಅವನ ಬಾಯಿಯೇ ಒಂದು ಮೈಕ್ ಸೆಟ್. ಒಂದು ವಿಷಯ ಅವನ ಕಿವಿಗೆ ಬಿದ್ದರೆ ಸಂಜೆಯ ಬಸ್ಸಿಗೆ ಮೊದಲೇ ಹನೂರಿನಲ್ಲಿ ಇರುತ್ತಿತ್ತು. ಒಮ್ಮೆ ಅವನ ಆಂಪ್ಲಿಫೈಯರ್ ರಿಪೇರಿ ಮಾಡಿಕೊಟ್ಟಿದ್ದೆ, ಅಲ್ಲಿಂದ ಸ್ನೇಹ. ಇಬ್ಬರೂ ಸೇರಿ ಹನೂರಿನಲ್ಲಿ ಒಂದು ಸೌಂಡ್ ಅಂಗಡಿ ಇಡುವುದು, ಒಳ್ಳೆಯ ಸ್ಪೀಕರ್ ಪೆಟ್ಟಿಗೆಗಳನ್ನು ನಾವೇ ಮಾಡುವುದು ಎಂದು ಲೆಕ್ಕ ಹಾಕಿದ್ದೆವು.

ಎಂಥ ಪೆಟ್ಟಿಗೆ ಎನ್ನುವಲ್ಲಿ ಜಗಳ ಶುರುವಾಯಿತು. ನನ್ನ ಪದ್ಧತಿ ಎಲ್ಲರ ಪದ್ಧತಿ: ದಪ್ಪ ದನಿಗೆ ಒಂದು ದೊಡ್ಡ ಸ್ಪೀಕರ್, ಸಣ್ಣ ದನಿಗೆ ಬೇರೆ ಒಂದು ಪುಟ್ಟ ಸ್ಪೀಕರ್. ಬೇವಿನ ಹಲಗೆಯಲ್ಲಿ ಸೊಂಟದೆತ್ತರದ ಪೆಟ್ಟಿಗೆ ಮಾಡಿ, ಅದರ ನೆತ್ತಿಯ ಮೇಲೆ ಪುಟ್ಟದಕ್ಕೊಂದು ಗೂಡು ಕಟ್ಟಿದ್ದೆ. ಮಾದೇಶ ಒಂದು ದಿನ ಗೋಣಿಯಲ್ಲಿ ಸುತ್ತಿದ ಏನನ್ನೋ ತಂದ. ಅವನ ಸೋದರಮಾವ ಮದರಾಸಿನ ಒಂದು ಥೇಟರಿನಲ್ಲಿ ಮೆಷಿನ್ ನಡೆಸುತ್ತಿದ್ದವನು. ಅಲ್ಲಿ ತೆಗೆದು ಹಾಕಿದ ಪರದೇಶದ ಸ್ಪೀಕರ್ ಒಂದನ್ನೂ ಹಳೆಯ ಟೇಪ್ ಮೆಷಿನ್ ಒಂದನ್ನೂ ಅಳಿಯನಿಗೆ ಕೊಟ್ಟಿದ್ದ. ಸ್ಪೀಕರ್ ನೋಡಿ ನಾನು ಬೆರಗಾದೆ. ಹನ್ನೆರಡು ಇಂಚಿನ ಕಾಗದದ ದೊಡ್ಡ ಬಟ್ಟಲು. ಅದರ ನಡುಹೊಟ್ಟೆಯಲ್ಲೇ ಅಂಗೈಯಗಲದ ಇನ್ನೊಂದು ಸ್ಪೀಕರ್. ಪುಸ್ತಕದಲ್ಲಿ ಇದಕ್ಕೆ ಕೋಆಕ್ಸಿಯಲ್ ಅನ್ನುತ್ತಾರೆ. ಗೌರಮ್ಮನವರು ಒಂದು ಸಲ ಬಗ್ಗಿ ನೋಡಿ, "ಇದೇನ್ಲಾ ಮಾದೇಶ, ಬಸುರಿ ಇದ್ದಂಗದೆ" ಎಂದರು. ಅಂದಿನಿಂದ ಅದು ಬಸುರಿ ಸ್ಪೀಕರ್ ಆಯಿತು. ಮಾದೇಶ ಸದ್ಯಕ್ಕೆ ಅದನ್ನು ಒಂದು ಹಳೆಯ ಪೆಟ್ಟಿಗೆಗೆ ಕೂರಿಸಿದ.

"ಮನ್ಸನ್ಗ ಬಾಯಿ ಎಷ್ಟ್ಲಾ?" ಎಂದು ಮಾದೇಶ ವಾದಕ್ಕೆ ಕೂತ. "ಒಂದು ತಾನೆ? ದಪ್ಪ ದನಿಗೊಂದ್ ಬಾಯಿ, ಸಣ್ ದನಿಗೊಂದ್ ಬಾಯಿ ಮಡಿಕಂಡು ಯಾರಾದ್ರೂ ಮಾತಾಡ್ತರಾ? ನಿನ್ ಡಬ್ಬದಲ್ಲಿ ಆಡೋನ್ ಗಂಟ್ಲು ಕೆಳಗದೆ, ತಾಳ ನೆತ್ತಿ ಮ್ಯಾಲದೆ."

"ಬಸುರಿ ನಡುದ್ರೆ ಒಟ್ಟೇಲಿರ ಮಗಾನೂ ಅಲ್ಲಾಡ್ತದೆ ಕಣ್ಲಾ" ಎಂದೆ ನಾನು. "ದೊಡ್ಡದು ಗುದ್ದುವಾಗ ಅದ್ರ ಮುಂದಿರ ಸಣ್ಣದ್ರ ದನಿ ನಡುಗ್ತದೆ. ಅದ್ಕೇ ಬೇರೆ ಬೇರೆ ಮಡಗದು."

ಈಗ ಯೋಚಿಸಿದರೆ ಇಬ್ಬರ ಮಾತೂ ಸರಿಯೇ ಇತ್ತು. ಪೆಟ್ಟಿಗೆಯ ಎದುರಿಗೆ, ನೆಟ್ಟಗೆ, ಸ್ವಲ್ಪ ದೂರದಲ್ಲಿ ಕೂತವನಿಗೆ ಎರಡರಲ್ಲಿ ಅಂಥ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಆಗ ಇಬ್ಬರಿಗೂ ಬಿಸಿರಕ್ತ. ಸೋತೆ ಅನ್ನುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದು ಸುಲಭವಾಗಿತ್ತು. ಚಹದಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮಳೆಗೆ ನಿಂತ ಮರದಡಿಯಲ್ಲಿ ಅದೇ ಜಗಳ. ಕೊನೆಗೆ ಗೌರಮ್ಮನವರೇ ದಾರಿ ತೋರಿಸಿದರು. "ಊರ್ ಮಾಲ್ನೆಲ್ಲ ನೋಡ ಕಿವಿ ಮನೇಲೆ ಅದೆ. ನೀವ್ಯಾಕ್ ಕಿತ್ತಾಡ್ತಿರಿ?"

ಪುಟ್ಟಬಸಪ್ಪನವರು ಮೊದಲು ಬೇಡವೆಂದರು. ತುಂಬ ಹೊತ್ತು ಬೇಡವೆಂದರು. ನಾವು ಬಿಡಲಿಲ್ಲ. ಕೊನೆಗೆ, "ಆಯ್ತು, ಟವೆಲ್ ಕೆಳಗೆ ಏಳ್ತಿನಿ. ಬಾಯಲ್ಲಿ ಏಳಾಕಿಲ್ಲ" ಎಂದರು. ಐದು ಬೆರಳು ಹಿಡಿದರೆ ಬಲು ಚೆಂದ, ಒಂದು ಹಿಡಿದರೆ ಕಳಪೆ. ಯಾರಿಗೆ ಹೆಚ್ಚು ಬೆರಳು ಸಿಗುತ್ತದೋ ಅವರ ನಮೂನೆಯಲ್ಲೇ ಅಂಗಡಿಯ ಪೆಟ್ಟಿಗೆಗಳು ಎಂದು ನಾವು ಒಪ್ಪಿಕೊಂಡೆವು. ಟವೆಲ್ಲಿನ ನಿಯಮವನ್ನು ನಮ್ಮಿಬ್ಬರ ಮಟ್ಟಿಗೆ ಮಾತ್ರ ಸಡಿಲ ಮಾಡಿ, ಸಂಜೆ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಎಂದಾಯಿತು.

ಹಸ್ತ ಮಳೆಯ ಒಂದು ಭಾನುವಾರ ಮಧ್ಯಾಹ್ನ. ಹೊರಗೆ ಜಿನುಗು ಹನಿ. ಪಡಸಾಲೆಯ ತೊಲೆಗೆ ಗೌರಮ್ಮನವರ ಜಮಖಾನ ಇಳಿಬಿಟ್ಟು, ಹಿಂದೆ ಎರಡೂ ಪೆಟ್ಟಿಗೆ, ಆಂಪ್ಲಿಫೈಯರ್, ಟೇಪ್ ಮೆಷಿನ್ ಇಟ್ಟುಕೊಂಡೆವು. ಟೇಪಿನಲ್ಲಿದ್ದದ್ದು ಬೆಟ್ಟದ ಕಡೆಯ, ದೇವರ ಕಥೆ ಹಾಡುತ್ತ ಊರೂರು ತಿರುಗುವ ಒಬ್ಬ ದೇವರಗುಡ್ಡನ ಹಾಡು. ಮಾದೇಶನೇ ಅದನ್ನು ಟೇಪಿಗೆ ಹಿಡಿದುಕೊಂಡಿದ್ದ. ಗುಡ್ಡನ ದಪ್ಪ ಗಂಟಲು, ಅದರ ಜೊತೆಗೆ ಅವನ ಕೈಯ ಕಂಸಾಳೆ. ಕಂಚಿನ ಎರಡು ತಾಳಗಳು ತಾಗಿ ಝಲ್ಲೆನ್ನುವಾಗ ನಮ್ಮ ಕಡೆಯವರ ಮೈ ಹೇಗೆ ಏಳುತ್ತದೆ ಎಂದು ಹೊರಗಿನವರಿಗೆ ಹೇಳುವುದು ಕಷ್ಟ. ಸ್ಪೀಕರ್ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಗಂಟಲಿಗೆ ದೊಡ್ಡ ಸ್ಪೀಕರ್ ಬೇಕು, ಕಂಚಿಗೆ ಸಣ್ಣದು.

ಜಮಖಾನದ ಆಚೆ ಪುಟ್ಟಬಸಪ್ಪನವರು ಕಣ್ಣು ಮುಚ್ಚಿ ಕೂತರು. ಮೊದಲು ಬಸುರಿಯಲ್ಲಿ ಹಾಡು ಬಿಟ್ಟೆವು. ಮುಗಿಯಿತು. ಟೇಪು ಹಿಂದಕ್ಕೆ ಸುತ್ತಿ, ತಂತಿ ಬದಲಾಯಿಸಿ, ನನ್ನದರಲ್ಲಿ ಬಿಟ್ಟೆವು. ನಾಲ್ಕು ಸಾಲು ಆಗಿರಬಹುದು, ಏನೋ ತಪ್ಪಿದೆ ಎಂದು ಹೊಳೆಯಿತು. ಗಂಟಲು ಗುಮ್ಮಂತ ಬರುತ್ತಿದೆ, ಕಂಸಾಳೆಯೇ ಇಲ್ಲ. ತಾಳಕ್ಕೆ ಬಟ್ಟೆ ಕಟ್ಟಿ ಬಡಿದ ಹಾಗೆ ಬರೀ ತಪ್ ತಪ್. ಕೆಳಗೆ ನೋಡಿದರೆ ಪುಟ್ಟ ಸ್ಪೀಕರಿನ ತಂತಿ ನೆಲದ ಮೇಲೆ ಬಿದ್ದಿದೆ! ಬಸುರಿಗೆ ಇದ್ದದ್ದು ಒಂದೇ ಜೊತೆ ತಂತಿ. ಅದರಿಂದ ಬಿಚ್ಚಿದ ಒಂದು ಜೊತೆಯನ್ನು ನನ್ನ ದೊಡ್ಡದಕ್ಕೆ ಸಿಕ್ಕಿಸಿ, ನನ್ನದಕ್ಕೆ ಎರಡು ಜೊತೆ ಬೇಕು ಎನ್ನುವುದನ್ನೇ ಮರೆತಿದ್ದೆ. ಶಬ್ದದ ವಿಚಾರದಲ್ಲಿ ಮೀರಿಸಿದವರಿಲ್ಲದ ರೇಡಿಯೋ ಸಾ ಮಾಡಿದ ಕೆಲಸ ಇದು. ಮಾದೇಶನ ಕಡೆ ನೋಡಿದೆ. ಅವನು ಟೇಪಿನ ಚಕ್ರ ನೋಡುತ್ತ ಮುಸಿಮುಸಿ ನಗುತ್ತಿದ್ದ. ಮುಗಿಯಲಿ, ಪುಟ್ಟಬಸಪ್ಪನವರು ಕಳಪೆ ಅಂದ ಮೇಲೆ ತಪ್ಪು ಒಪ್ಪಿಕೊಂಡು ಇನ್ನೊಂದು ಸಲ ಕೇಳಿಸಿದರಾಯಿತು ಎಂದುಕೊಂಡೆ.

ಹಾಡು ಮುಗಿಯಿತು. "ಮೊದ್ಲನೇ ಮಾಲ್ನೋನು ಬಾ" ಎಂದರು. ಮಾದೇಶ ಹೋದ. ಟವೆಲ್ಲಿನ ಕೆಳಗೆ ಕೈ ಕೊಟ್ಟ. ಎದ್ದು ಬಂದ, ಮುಖದಲ್ಲಿ ಆ ನಗು ಇರಲಿಲ್ಲ. ಟವೆಲ್ಲಿನ ಮರ್ಯಾದೆ ಕಾಪಾಡುತ್ತಿದ್ದಾನೆ ಎಂದುಕೊಂಡೆ. ಆಮೇಲೆ ನನ್ನ ಸರದಿ. ನಾನು ಕೂತು, ಆಗಿರುವ ತಪ್ಪನ್ನು ಹೇಳಲು ಬಾಯಿ ತೆರೆಯುವ ಮೊದಲೇ ಅವರ ಕೈ ನನ್ನ ಐದೂ ಬೆರಳನ್ನು ಗಟ್ಟಿಯಾಗಿ ಹಿಡಿಯಿತು. ನನ್ನ ಕಿವಿಯ ಹತ್ತಿರ ಬಗ್ಗಿ, ಪಿಸುಮಾತಿನಲ್ಲಿ, ಮಗುವಿನ ಹಾಗೆ ಸಂತೋಷಪಟ್ಟು ಹೇಳಿದರು:

"ಕಂಸಾಳೆ ಕಣಪ್ಪ... ಎಷ್ಟ್ ಸಂದಾಗ್ ಕೇಳ್ತದೆ! ಗೆಜ್ಜೆ ಉದುರ್ದಂಗೆ."

ಇಲ್ಲದ ಕಂಸಾಳೆಯನ್ನು ಅವರು ಹೊಗಳುತ್ತಿದ್ದರು. ಊರೆಲ್ಲ ನಂಬಿದ್ದ ಆ ಕಿವಿಗೆ ಸಣ್ಣ ದನಿ ಕೇಳಿಸುತ್ತಿರಲಿಲ್ಲ.

ಆ ಸಂಜೆ ಚಹದಂಗಡಿಯಲ್ಲಿ ಮಾದೇಶ ನನ್ನೆದುರು ಕೂತ. ನಾನು ಐದು ಅಂದರೆ ಮುಗಿಯಿತು: ನನ್ನ ಪುಟ್ಟ ಸ್ಪೀಕರ್ ಸತ್ತಿತ್ತು ಎಂದು ಇಂದಲ್ಲ ನಾಳೆ ಅವನಿಗೆ ಹೊಳೆಯುತ್ತದೆ, ಪುಟ್ಟಬಸಪ್ಪನವರ ಕಿವಿ ಹೋಗಿದೆ ಎಂದು ತಿಳಿಯುತ್ತದೆ, ಆಮೇಲೆ ಹನೂರಿನ ತನಕ ಡಂಗುರ. ಆ ಮನುಷ್ಯನಿಗೆ ಇದ್ದ ಆಸ್ತಿಯೆಲ್ಲ ಆ ಕಿವಿಯ ಹೆಸರು. ನಾನು ಲೋಟ ಕೆಳಗಿಟ್ಟು ಹೇಳಿದೆ:

"ನಂಗ ಎಲ್ಡೇ ಕಣ್ಲಾ. ನಿಂದೇ ಗೆಲ್ತು."

ಮಾದೇಶ ಒಂದು ಗಳಿಗೆ ನನ್ನನ್ನೇ ನೋಡಿದ. ಚಹ ಊದಿದ. "ಊ ಕಣ್ಲಾ" ಎಂದ. "ನಂಗ ನಾಕು."

ಗೆದ್ದವನು ಅಂಗಡಿ ಮೇಲೆ ಹತ್ತಿ ಕುಣಿಯುತ್ತಾನೆ ಅಂದುಕೊಂಡಿದ್ದೆ. ಕುಣಿಯಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ.

ನನಗೆ ಆ ವಾರವೆಲ್ಲ ಅನ್ನ ರುಚಿಸಲಿಲ್ಲ. ಪುಟ್ಟಬಸಪ್ಪನವರ ಹೆಸರು ಉಳಿಸಿದೆ ಸರಿ, ಅವರು ದಿನಾ ತೀರ್ಮಾನ ಮಾಡುವ ಮಾಲಿನ ಗತಿ? ಮಳೆಗಾಲದ ಥಂಡಿಗೆ ಹುಳ ಕರಗಿದ ಗೂಡು ಹೆಚ್ಚು. ತಿಂಗಳೊಪ್ಪತ್ತು ಕಣ್ಣಿಗೆ ನಿದ್ದೆಯಿಲ್ಲದೆ ಸೊಪ್ಪು ಹಾಕಿ ಹುಳ ಸಾಕಿದ ಯಾರೋ ಒಬ್ಬ ತಾಯಿಯ ಒಳ್ಳೆ ಗೂಡನ್ನು ಇವರು ಕೇಳಿಸದ ಕಿವಿಯಿಂದ ಕೆಟ್ಟದ್ದು ಎಂದರೆ? ನಮ್ಮ ಮನೆಯಲ್ಲೂ ಹುಳ ಸಾಕುತ್ತಿದ್ದರು, ನನ್ನ ಅವ್ವನ ಕೈ ನೆನಪಾಯಿತು. ಸುಮ್ಮನಿದ್ದರೆ ಅದು ಇನ್ನೊಂದು ಅನ್ಯಾಯ.

ನಾನೊಂದು ಕೆಲಸ ಮಾಡಿದೆ. ಅದನ್ನು ಇಂದಿಗೂ ಸರಿ ಎನ್ನಲಾರೆ. ನೂಲು ತೆಗೆಯುವವನೊಬ್ಬ ಆಯ್ದು ಎಸೆದ ರಾಶಿಯಿಂದ ಮೂರು ಗೂಡು ತಂದೆ. ಹೊರಗೆ ಬೆಳ್ಳಗೆ ಗಟ್ಟಿಮುಟ್ಟಾಗಿದ್ದವು, ಒಳಗೆ ಹುಳ ಕರಗಿದ್ದವು. ಅವುಗಳಿಗೆ ಸೂಜಿಮೊನೆಯಷ್ಟು ಪೆನ್ಸಿಲ್ ಗುರುತು ಮಾಡಿ, ಒಳ್ಳೆಯ ಗೂಡಿನೊಂದಿಗೆ ಪುಟ್ಟ ಬುಟ್ಟಿಯಲ್ಲಿ ಬೆರೆಸಿದೆ. ಬೆಳಿಗ್ಗೆ ಅವರು ಜಗುಲಿಯಲ್ಲಿ ಒಬ್ಬರೇ ಕೂತಿದ್ದಾಗ ಮುಂದಿಟ್ಟೆ.

"ನಮ್ಮೂರಿಂದ ಚಿಕ್ಕಪ್ಪ ಕಳ್ಸವ್ರೆ. ಎಂಗದೆ ನೋಡಿ ಬಸಪ್ಪನೋರೆ."

ಅವರು ಒಂದೊಂದನ್ನೇ ಎತ್ತಿ, ಕಿವಿಯ ಹತ್ತಿರ ಹಿಡಿದು, ಅಲ್ಲಾಡಿಸಿ ಇಟ್ಟರು. ಒಂದನ್ನು ಎಡಕ್ಕೆ ಇಟ್ಟರು. ಇನ್ನೊಂದನ್ನು. ಕೊನೆಗೆ ಮತ್ತೊಂದನ್ನು. ಬುಟ್ಟಿ ಮುಗಿದಾಗ ಎಡಗಡೆ ಇದ್ದದ್ದು ಮೂರೇ ಗೂಡು. ಬಗ್ಗಿ ನೋಡಿದೆ. ಮೂರರ ಮೇಲೂ ನನ್ನ ಪೆನ್ಸಿಲ್ ಗುರುತು.

ನನ್ನ ಮುಖದಲ್ಲಿ ಅವರೇನು ಕಂಡರೋ. "ಪರೀಕ್ಸೆ ಮಾಡ್ದೇನಪ್ಪ ಶಿವಣ್ಣ?" ಎಂದರು. ಸಿಟ್ಟಿರಲಿಲ್ಲ. ನನಗೆ ಅಳು ಬಂತು. ಹೌದೆಂದು ತಲೆಯಾಡಿಸಿದೆ.

ಹೆಗಲ ಮೇಲಿನ ಟವೆಲ್ ತೆಗೆದು ನಮ್ಮಿಬ್ಬರ ಕೈಗಳ ಮೇಲೆ ಹಾಕಿದರು. ಅದರ ಕೆಳಗೆ ನನ್ನ ಹೆಬ್ಬೆರಳು ತೋರುಬೆರಳ ನಡುವೆ ಒಂದು ಗೂಡು ಇಟ್ಟು, ನನ್ನ ಮಣಿಕಟ್ಟು ಹಿಡಿದು ಅಲ್ಲಾಡಿಸಿದರು. "ಕಣ್ ಮುಚ್ಕೊ. ಕಿವಿ ಬ್ಯಾಡ." ಮೊದಲು ಏನೂ ತಿಳಿಯಲಿಲ್ಲ. ಮತ್ತೆ ಅಲ್ಲಾಡಿಸಿದರು. ಆಗ ಬೆರಳ ತುದಿಗೆ ತಾಗಿತು. ಒಳಗಿನಿಂದ ಯಾರೋ ಉಗುರಿನಲ್ಲಿ ಮೆಲ್ಲಗೆ ಬಾಗಿಲು ತಟ್ಟಿದ ಹಾಗೆ. ಕೆಟ್ಟ ಗೂಡು ಇಟ್ಟರು. ಅದು ಕಲ್ಲಿನ ಹಾಗೆ ಸುಮ್ಮನಿತ್ತು.

"ಮೂರ್ ವರ್ಸ ಆಯ್ತು" ಎಂದರು. "ಮೊದ್ಲು ಜೀರುಂಡೆ ಓಯ್ತು. ಆಮೇಲೆ ಇವ್ಳ್ ಬಳೆ ಸದ್ದು. ಒಂದಿನ ಗೂಡ್ನ ಕಿವೀಗ್ ಇಟ್ಕತಿನಿ, ಏನೂ ಇಲ್ಲ. ಎಲ್ಡ್ ದಿನ ಮನೇಲೆ ಕುಂತೆ, ಜ್ವರ ಅಂದೆ. ಇನ್ ನನ್ ಕತೆ ಮುಗೀತು ಅನ್ಕಂಡೆ. ಸುಮ್ನೆ ಒಂದ್ ಗೂಡ್ ಇಡ್ಕಂಡ್ ಕುಂತಿದ್ದೆ ಕಣಪ್ಪ, ಬೆರಳ್ಗ ಗೊತ್ತಾಯ್ತು. ನಲ್ವತ್ ವರ್ಸ ಬೆರಳೂ ಕೇಳ್ತಾನೆ ಇತ್ತು, ನಾನೇ ಕ್ಯಾರೆ ಅಂದಿರ್ನಿಲ್ಲ."

"ಮತ್ತ್ಯಾಕೆ ಇನ್ನೂ ಕಿವೀಗಿಟ್ಕತಿರಿ?"

"ಜನ ನಂಬಿರದು ಕಿವೀನ. ಬೆರಳು ಅಂದ್ರೆ ಯಾರ್ ನಂಬ್ತರೆ? ಮಾಲು ಸರಿಯಾಗ್ ನೋಡ್ತಿದ್ರೂ ಮುದುಕ ಕಿವುಡಾದ ಅಂತ ಬುಟ್ಬುಡ್ತರೆ." ನನ್ನ ಮುಖ ನೋಡದೆ ಕೇಳಿದರು: "ಆವತ್ತು ಜಮಖಾನದ ಇಂದ್ಗಡೆ... ಗುಡ್ಡನ್ ಗಂಟ್ಲು ತುಂಬಾ ಬಂತು. ಅದ್ರ ಇಂದೆ ಕಂಸಾಳೇನೂ ಬಂತು ಅನ್ಕಂಡೆ. ನಿನ್ ಡಬ್ಬದಲ್ಲಿ ಕಂಸಾಳೆ ಇತ್ತು ತಾನೆ?"

ಚಿಕ್ಕಂದಿನಿಂದ ಕೇಳಿದ ಕಂಸಾಳೆ ಅವರ ನೆನಪಿನಲ್ಲಿತ್ತು. ಗಂಟಲು ಕೇಳಿದ ಕೂಡಲೇ ತಾನೇ ಬಂದು ಜೊತೆ ಸೇರಿತ್ತು. ನಾನು ಅದನ್ನು ಇಲ್ಲ ಎನ್ನಲೇ?

"ಇತ್ತು ಬಸಪ್ಪನೋರೆ" ಎಂದೆ. "ಸಂದಾಗಿತ್ತು."

ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಒಳಗಿನಿಂದ ಗೌರಮ್ಮನವರು ರೊಟ್ಟಿ ಆರುತ್ತದೆ ಎಂದು ಮೂರನೇ ಸಲ ಕೂಗುತ್ತಿದ್ದರು. ನಾನು ಅವರ ತೋಳು ಮುಟ್ಟಿ ಒಳಗೆ ಕೈ ತೋರಿಸಿದೆ. ಆ ದಿನದಿಂದ ಆ ಮನೆಯಲ್ಲಿ ಇದ್ದಷ್ಟು ಕಾಲ ಅದು ನನ್ನ ಕೆಲಸವಾಯಿತು.

ಮಾತಿನಂತೆ ಬಸುರಿಗೇ ಹೊಸ ಪೆಟ್ಟಿಗೆ ಕಟ್ಟಿದೆವು. ಬೇವಿನ ಹಲಗೆಗೆ ನಾನೇ ಉಜ್ಜುಕಾಗದ ಹಾಕಿದೆ. ಮನಸ್ಸಿನಲ್ಲಿ ಮಾತ್ರ ಇನ್ನೂ ನನ್ನದೇ ಮೇಲು ಎಂಬ ಹಟ. ಚಿತ್ತೆ ಮಳೆ ಹಿಂದಾದ ಮೇಲೆ ಹನೂರಿನ ಶಾಲೆಯ ಬಯಲಿನಲ್ಲಿ ಅದೇ ದೇವರಗುಡ್ಡನ ಹಾಡು ಏರ್ಪಾಟಾಯಿತು. ಜನ ಸಾಲಾಗಿ ಎದುರಿಗೆ ಕೂರಲು ಅದೇನು ಥೇಟರೇ? ಪಕ್ಕಕ್ಕೆ, ಮೂಲೆಗೆ, ಗೋಡೆಯ ಮೇಲೆ, ಎಲ್ಲಿ ಜಾಗವೋ ಅಲ್ಲಿ ಕೂತಿದ್ದರು. ತಪ್ಪು ಹುಡುಕುವ ಉತ್ಸಾಹದಲ್ಲಿ ನಾನು ಬಯಲಿನ ಸುತ್ತ ಒಂದು ಸುತ್ತು ಬಂದೆ. ನನ್ನ ಪೆಟ್ಟಿಗೆ ಆಗಿದ್ದರೆ ಪಕ್ಕಕ್ಕೆ ಸರಿದಂತೆ, ಹತ್ತಿರ ಬಂದಂತೆ, ಗಂಟಲು ಒಂದು ಕಡೆ ತಾಳ ಒಂದು ಕಡೆ ಆಗುತ್ತಿತ್ತು. ಇದರಲ್ಲಿ ಎಲ್ಲಿ ನಿಂತರೂ ಗುಡ್ಡ ಒಬ್ಬನೇ, ಅವನ ಬಾಯಿಯೂ ಕೈಯೂ ಒಂದೇ ಮೈಯಲ್ಲಿದ್ದವು. ದೊಡ್ಡ ದನಿ ಗುದ್ದುವಾಗ ಸಣ್ಣದು ಒಂದಿಷ್ಟು ನಡುಗುತ್ತಿತ್ತು ನಿಜ, ನನ್ನಂಥ ಹಟಮಾರಿಗೆ ಮಾತ್ರ ತಿಳಿಯುವಷ್ಟು. ಸುಳ್ಳು ಹೇಳಿ ಸೋತಿದ್ದ ನಾನು ಆ ಬಯಲಿನಲ್ಲಿ ನಿಜವಾಗಿಯೂ ಸೋತೆ. ಬೇಸರವಾಗಲಿಲ್ಲ.

ಸುತ್ತು ಮುಗಿಸಿ ಬಂದಾಗ ಪುಟ್ಟಬಸಪ್ಪನವರು ಪೆಟ್ಟಿಗೆಯ ಮಗ್ಗುಲಲ್ಲೇ ಕೂತಿದ್ದರು. ಸುಸ್ತಾಗಿ ಒರಗಿದವರ ಹಾಗೆ ಅಂಗೈಯನ್ನು ಹಲಗೆಯ ಮೇಲೆ ಇಟ್ಟಿದ್ದರು. ನಾನು ನೋಡಿದ್ದನ್ನು ನೋಡಿ, ಕಣ್ಣಲ್ಲೇ ನಕ್ಕರು.

ಮರುವರ್ಷ ನನಗೆ ವರ್ಗವಾಯಿತು. ಅಂಗಡಿಯ ಯೋಚನೆ ಮಾದೇಶನೊಬ್ಬನ ಪಾಲಾಯಿತು. ಎಪ್ಪತ್ತನೇ ಇಸವಿಯ ಸುಮಾರಿಗೆ ಪುಟ್ಟಬಸಪ್ಪನವರು ತೀರಿಕೊಂಡ ಸುದ್ದಿ ಕಾರ್ಡಿನಲ್ಲಿ ಬಂತು. ಕೊನೆಯ ಸಂತೆಯವರೆಗೂ ಜನ ಅವರ ಕಿವಿಗೇ ಮಾಲು ಕೊಟ್ಟರಂತೆ.

ಕಳೆದ ತಿಂಗಳು ನಾನು ಹೊರಟದ್ದು ಮಾದೇಶನನ್ನು ನೋಡಲೆಂದೇ. ಹನೂರಿನ ಅವನ ಮನೆಯ ಮುಂಭಾಗದಲ್ಲಿ ಬಸುರಿ ಇನ್ನೂ ಇದೆ, ಮೇಲೊಂದು ಹೂವಿನ ಕಸೂತಿ ಬಟ್ಟೆ ಹೊದ್ದು. ಊಟವಾಯಿತು. ವೀಳ್ಯ ಹಾಕಿಕೊಂಡೆವು. ಹಳೆಯ ವಾಸನೆ ತಲೆಯಲ್ಲೇ ಸುತ್ತುತ್ತಿತ್ತು, ನಾನು ಪುಟ್ಟಬಸಪ್ಪನವರ ಮಾತು ತೆಗೆದೆ. ಸತ್ತವರ ವಿಷಯ, ಈಗ ಯಾರಿಗೇನು ಎಂದು, "ಲೇ ಮಾದೇಶ, ಆವತ್ತು ನಿಂಗೊಂದ್ ಸುಳ್ ಏಳಿದ್ದೆ ಕಣ್ಲಾ" ಎಂದು ಶುರುಮಾಡಿದೆ.

ಅವನು ಹೆಗಲ ಮೇಲಿನ ಟವೆಲ್ ತೆಗೆದು ನಮ್ಮ ಕೈಗಳ ಮೇಲೆ ಹಾಕಿದ. ಕೆಳಗೆ ನನ್ನ ಎರಡು ಬೆರಳು ಹಿಡಿದ.

"ಇದು ನಂಗ ಸಿಕ್ಕಿದ್ದು. ನಾಕಲ್ಲ."

ನಾನು ಅವನ ಮುಖ ನೋಡಿದೆ.

"ನಿನ್ ಸಣ್ ಸ್ಪೀಕರ್ ತಂತಿ ನೆಲದ ಮ್ಯಾಲ್ ಬಿದ್ದಿತ್ತು. ನೀನ್ ನೋಡಕ್ ಮುಂಚೆ ನಾನ್ ನೋಡ್ದೆ. ಸುಮ್ಕಿದ್ದೆ, ಗೆಲ್ಲನ ಅಂತ. ಆಮೇಲ್ ಓಗ್ ಕೈ ಕೊಟ್ರೆ, ಕಂಸಾಳೆ ಝಲ್ಲಂತಿದ್ದ ನನ್ ಡಬ್ಬಕ್ಕ ಎಲ್ಡೇ ಬೆರಳು! ಅಲ್ಲೇ ಗೊತ್ತಾಯ್ತು ನಂಗ, ಮುದುಕಪ್ಪನ ಕಿವಿ ಇಲ್ಲ ಅಂತ. ಚಾ ಅಂಗ್ಡೀಲಿ ನೀನು ತಂತಿ ಮಾತೇ ಎತ್ದೆ ಎಲ್ಡು ಅಂದಾಗ ನೀನೂ ಸುಳ್ ಏಳ್ತಿದಿಯಾ ಅಂತಾನೂ ಗೊತ್ತಾಯ್ತು."

"ಇಷ್ಟ್ ವರ್ಸ ಯಾರ್ಗೂ ಏಳ್ನಿಲ್ವಾ?"

"ಯಾರ್ಗ ಏಳನಾ? ನಿಂಗೇ ಏಳ್ನಿಲ್ಲ" ಎಂದ. "ನೀನ್ ಎಲ್ ಬಾಯ್ ಬುಟ್ಟಿಯೋ ಅಂತ ನಂಗ್ ಎದ್ರಿಕೆ ಇತ್ತು ಕಣ್ಲಾ."

ಅವನಿಗೆ ನನ್ನ ಬಾಯಿಯ ಹೆದರಿಕೆ! ಬದುಕಿಡೀ ಇವನನ್ನು ಬಾಯಿಬಡುಕ ಎಂದು ನಾಲ್ಕು ಜನರ ಮುಂದೆ ಆಡಿಕೊಂಡವನು ನಾನು. ನಾಚಿಕೆಯಾಯಿತು. ಅವನ ಬೆರಳು ಬಿಡಲು ಮನಸ್ಸಾಗಲಿಲ್ಲ.

ಅವನ ಮಗಳು ಆ ಹಳೆಯ ಟೇಪನ್ನು ಯಾರಿಂದಲೋ ಫೋನಿಗೆ ತುಂಬಿಸಿಕೊಂಡಿದ್ದಳು. ಬಸುರಿಗೆ ತಂತಿ ಕೊಟ್ಟು ಹಾಡು ಬಿಟ್ಟಳು. ಗುಡ್ಡನ ಗಂಟಲು ಎದ್ದು ಬಂತು. ನಾನು ಕಾದೆ. ನನಗೀಗ ಎಂಬತ್ತು; ಜೀರುಂಡೆ ಹೋಗಿ ಎಷ್ಟೋ ವರ್ಷವಾಯಿತು, ಮನೆಯವರ ಬಳೆಯ ಸದ್ದು ಹೋಗಿದೆ. ಕಂಸಾಳೆಯ ಜಾಗದಲ್ಲಿ ನನಗೆ ಏನೂ ಕೇಳಿಸಲಿಲ್ಲ. ಎದ್ದು ಹೋಗಿ ಪೆಟ್ಟಿಗೆಯ ಮಗ್ಗುಲಲ್ಲಿ ಕೂತು, ಬೇವಿನ ಹಲಗೆಯ ಮೇಲೆ ಅಂಗೈ ಇಟ್ಟೆ. ಗಂಟಲು ಅಂಗೈ ತುಂಬಿತು. ಸ್ವಲ್ಪ ಹೊತ್ತಿಗೆ ಅದರ ಹಿಂದೆಯೇ, ಆ ಶಾಲೆಯ ಬಯಲಿನಿಂದ, ಕಂಸಾಳೆಯೂ ಬಂತು.

"ಎಂಗದ್ಲಾ?" ಎಂದು ಮಾದೇಶ ಕೇಳಿದ್ದು ಅವನ ತುಟಿಯಿಂದ ತಿಳಿಯಿತು.

ಬಾಯಲ್ಲಿ ಹೇಳಲಿಲ್ಲ. ಟವೆಲ್ ಎಳೆದುಕೊಂಡು, ಅದರ ಕೆಳಗೆ ಅವನ ಐದೂ ಬೆರಳನ್ನು ಹಿಡಿದೆ.